ಬಜ್ಪೆಯಿಂದ ದುಬೈಗೆ ಎಷ್ಟು ಹೊತ್ತು?

ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ದುಬೈಯಲ್ಲಿ ದುಡಿಯುತ್ತಾರೆ. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ಹೋಗುತ್ತಾರೆ, ಬರುತ್ತಾರೆ. ಅವರ ಟಿಕೆಟು ಓದಲು ನಾವೂ ಕಲಿಯೋಣ.

ಒಂದು ಮನೆ. ಅತ್ತೆ ಬೀಡಿ ಕಟ್ಟುತ್ತಿದ್ದರು. ಸೊಸೆ ಗಂಡನ ಟಿಕೆಟು ಓದುತ್ತಿದ್ದಳು.

“ಅತ್ತೆ, ಇವರು ಬೆಳಿಗ್ಗೆ 10 ಗಂಟೆಗೆ ಇಲ್ಲಿಂದ ಹೊರಡ್ತಾರೆ. ಮಧ್ಯಾಹ್ನ 12 ಗಂಟೆಗೆ ದುಬೈ ಮುಟ್ತಾರೆ.”

“ಎರಡೇ ಗಂಟೆಯಾ? ಬರುವಾಗ?”

“ಅಲ್ಲಿ 10 ಗಂಟೆಗೆ ಹೊರಟು, ಇಲ್ಲಿ 3 ಗಂಟೆಗೆ ಇಳೀತಾರೆ.”

“ಬರುವಾಗ ಐದು ಗಂಟೆ ಎಂತಕ್ಕೆ ಮಗಾ? ದಾರಿ ಒಂದೇ ಅಲ್ವಾ?”

ಅತ್ತೆ ಕೇಳಿದ್ದು ಸರಿ. ದಾರಿ ಒಂದೇ. ಗಡಿಯಾರ ಬೇರೆ.

ದೂರ

ಬಜ್ಪೆಯಿಂದ ದುಬೈಗೆ ನೇರ ದೂರ ಸುಮಾರು 2,450 ಕಿಲೋಮೀಟರ್. ನಡುವೆ ಅರಬ್ಬಿ ಸಮುದ್ರ. ಗಂಟೆಗೆ 50 ಕಿಲೋಮೀಟರ್ ಓಡುವ ಬಸ್ಸಿಗೆ ಇಷ್ಟು ದೂರ ಹೋಗಲು 49 ಗಂಟೆ ಬೇಕು. ವಿಮಾನ ಗಂಟೆಗೆ ಸುಮಾರು 800 ಕಿಲೋಮೀಟರ್ ಹಾರುತ್ತದೆ. ಮೇಲೆ ಏರುವಾಗ, ಕೆಳಗೆ ಇಳಿಯುವಾಗ ವೇಗ ಕಡಿಮೆ. ಎಲ್ಲ ಸೇರಿ ಸುಮಾರು ಮೂರೂವರೆ ಗಂಟೆ ಬೇಕು.

ಹೊತ್ತು

ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ಆದ್ದರಿಂದ ಪೂರ್ವದ ಊರಿನಲ್ಲಿ ಮೊದಲು ಬೆಳಗಾಗುತ್ತದೆ. ದುಬೈ ನಮಗಿಂತ ಪಶ್ಚಿಮಕ್ಕಿದೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ನಮ್ಮಲ್ಲಿ 10 ಗಂಟೆ ಆದಾಗ ಅಲ್ಲಿ 8.30.

ಹೋಗುವಾಗ: 10 ಗಂಟೆಗೆ ಮೂರೂವರೆ ಗಂಟೆ ಕೂಡಿಸಿ. ನಮ್ಮಲ್ಲಿ 1.30. ಅದರಲ್ಲಿ ಒಂದೂವರೆ ಗಂಟೆ ಕಳೆಯಿರಿ. ದುಬೈಯಲ್ಲಿ 12 ಗಂಟೆ.

ಬರುವಾಗ: 10 ಗಂಟೆಗೆ ಮೂರೂವರೆ ಗಂಟೆ ಕೂಡಿಸಿ. ದುಬೈಯಲ್ಲಿ 1.30. ಅದಕ್ಕೆ ಒಂದೂವರೆ ಗಂಟೆ ಕೂಡಿಸಿ. ನಮ್ಮಲ್ಲಿ 3 ಗಂಟೆ.

ಟಿಕೆಟಿನಲ್ಲಿ ಆಯಾ ಊರಿನ ಗಂಟೆಯನ್ನೇ ಬರೆದಿರುತ್ತಾರೆ. ಎರಡೂ ಸಲ ಹಾರಿದ್ದು ಮೂರೂವರೆ ಗಂಟೆಯೇ.

ತಾರೀಖು ನೋಡಿ!

ಟಿಕೆಟಿನಲ್ಲಿ “12ನೇ ತಾರೀಖು, 00.30” ಎಂದಿದ್ದರೆ ಏನರ್ಥ? ನಡುರಾತ್ರಿ 12 ಗಂಟೆಗೆ ತಾರೀಖು ಬದಲಾಗುತ್ತದೆ. 00.30 ಅಂದರೆ ನಡುರಾತ್ರಿ ಕಳೆದು ಅರ್ಧ ಗಂಟೆ. ಹೊರದೇಶದ ವಿಮಾನಕ್ಕೆ ಮೂರು ಗಂಟೆ ಮೊದಲೇ ನಿಲ್ದಾಣ ಸೇರುವುದು ಒಳ್ಳೆಯದು. ಅಂದರೆ 11ನೇ ತಾರೀಖು ರಾತ್ರಿ 9.30ಕ್ಕೇ ಅಲ್ಲಿರಬೇಕು. 12ನೇ ತಾರೀಖು ರಾತ್ರಿ ಹೋದರೆ ವಿಮಾನ ಸಿಗದು. ಟಿಕೆಟಿನ ದುಡ್ಡೂ ಹೋಗಬಹುದು, ರಜೆ ಮುಗಿದಿದ್ದರೆ ಕೆಲಸಕ್ಕೂ ಕುತ್ತು.

ಸೊಸೆ ಟಿಕೆಟಿನ ತಾರೀಖನ್ನು ಮತ್ತೊಮ್ಮೆ ಓದಿದಳು. ಕ್ಯಾಲೆಂಡರಿನಲ್ಲಿ ಗುರುತು ಹಾಕಿದಳು.

ನೀವೇ ಲೆಕ್ಕ ಮಾಡಿ

1. ದುಬೈಯಲ್ಲಿ ರಾತ್ರಿ 9 ಗಂಟೆ. ನಮ್ಮಲ್ಲಿ ಎಷ್ಟು ಗಂಟೆ?
2. ಬಜ್ಪೆಯಿಂದ ಸಂಜೆ 6 ಗಂಟೆಗೆ ಹೊರಟ ವಿಮಾನ ಮೂರೂವರೆ ಗಂಟೆ ಹಾರಿತು. ದುಬೈಯಲ್ಲಿ ಇಳಿದಾಗ ಅಲ್ಲಿ ಎಷ್ಟು ಗಂಟೆ?
3. ಟಿಕೆಟಿನಲ್ಲಿ “5ನೇ ತಾರೀಖು, 01.00” ಎಂದಿದೆ. ಯಾವ ತಾರೀಖಿನ ರಾತ್ರಿ ಮನೆಯಿಂದ ಹೊರಡಬೇಕು?

ಉತ್ತರ: 1) ರಾತ್ರಿ 10.30. 2) ರಾತ್ರಿ 8 ಗಂಟೆ. 3) 4ನೇ ತಾರೀಖು.