ಮೂಗನ್ನೇ ನಂಬಿ ಕೂರಬೇಡಿ

ಕಳೆದ ಬೇಸಗೆ ರಜೆಯಲ್ಲಿ ಕುಟುಂಬದವರೆಲ್ಲ ಬಾಡಿಗೆ ವ್ಯಾನಿನಲ್ಲಿ ಪ್ರವಾಸ ಹೊರಟಿದ್ದೆವು. ದಾರಿಯಲ್ಲಿ ಅಡುಗೆಗೆಂದು 5 ಕೆ.ಜಿ.ಯ ಗ್ಯಾಸ್ ಸಿಲಿಂಡರ್ ಮತ್ತು ಒಲೆಯನ್ನು ಹಿಂದಿನ ಸೀಟಿನ ಕೆಳಗೆ ಇಟ್ಟಿದ್ದೆವು. ನನಗೆ ನಾಲ್ಕು ದಿನದಿಂದ ಜುಕಾಮ್, ಮೂಗು ಪೂರ್ತಿ ಕಟ್ಟಿತ್ತು. ಹಿಂದೆ ಕೂತಿದ್ದ ತಾಯಿಗೆ ಎಪ್ಪತ್ತು ದಾಟಿದೆ. "ಏನೋ ಕೊಳೆತ ವಾಸನೆ" ಎಂದವಳು ಎಂಟು ವರ್ಷದ ಮಗಳು. ಗಾಡಿ ನಿಲ್ಲಿಸಿ, ಎಲ್ಲರನ್ನೂ ಇಳಿಸಿ ನೋಡಿದರೆ ಪೈಪಿನ ತುದಿ ಸೀಳಿತ್ತು, ರೆಗ್ಯುಲೇಟರ್ ಆನ್ ಆಗಿಯೇ ಇತ್ತು. ಅದನ್ನು ಕಟ್ಟಿಟ್ಟವನು ನಾನೇ.

ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲ. ಸೋರಿಕೆ ತಿಳಿಯಲೆಂದು ಈಥೈಲ್ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ವಸ್ತು ಬೆರೆಸುತ್ತಾರೆ. ಯುನಾನಿಯಲ್ಲಿ ನಾವು ಕುವ್ವತೆ ಶಾಮ್ಮಾ ಎನ್ನುವ ಘ್ರಾಣಶಕ್ತಿ ನೆಗಡಿಯಲ್ಲಿ ಮಂಕಾಗುತ್ತದೆ, ವಯಸ್ಸಾದಂತೆ ಕುಗ್ಗುತ್ತದೆ. ಆರೋಗ್ಯವಂತರ ಮೂಗೂ ಒಂದೇ ವಾಸನೆಗೆ ಕೆಲವೇ ನಿಮಿಷಗಳಲ್ಲಿ ಒಗ್ಗಿಹೋಗುತ್ತದೆ. "ಆಗ ಬರುತ್ತಿತ್ತು, ಈಗ ಇಲ್ಲ" ಎಂದರೆ ಸೋರಿಕೆ ನಿಂತಿದೆ ಎಂದು ಅರ್ಥವಲ್ಲ.

ಆದ್ದರಿಂದ ಕಣ್ಣಿನಿಂದ ಪರೀಕ್ಷಿಸಿ. ಸುತ್ತ ಬೆಂಕಿ ಇಲ್ಲದ, ಗಾಳಿಯಾಡುವ ಜಾಗದಲ್ಲಿ ಸಿಲಿಂಡರನ್ನು ನೇರವಾಗಿ ನಿಲ್ಲಿಸಿ. ಒಲೆಯ ಗುಂಡಿಗಳನ್ನು ಮುಚ್ಚಿ, ರೆಗ್ಯುಲೇಟರ್ ಆನ್ ಮಾಡಿ. ಸಾಬೂನು ನೀರನ್ನು ಗಟ್ಟಿಯಾಗಿ ಕಲಸಿ ರೆಗ್ಯುಲೇಟರ್ ಕೂರುವ ಬಾಯಿ, ಪೈಪಿನ ಎರಡೂ ತುದಿ, ಒಲೆಯ ಗುಂಡಿಗಳ ಬುಡಕ್ಕೆ ಹಚ್ಚಿ. ಪೈಪನ್ನು ಸ್ವಲ್ಪ ಬಗ್ಗಿಸಿಯೂ ನೋಡಿ, ಸಣ್ಣ ಬಿರುಕು ಆಗಲೇ ಬಾಯಿ ಬಿಡುವುದು. ಗುಳ್ಳೆ ಎದ್ದು ಬೆಳೆಯುತ್ತಿದ್ದರೆ ಅಲ್ಲೇ ಸೋರಿಕೆ. ಕಡ್ಡಿ ಗೀರಿ ನೋಡುವವರು ಇಂದಿಗೂ ಇದ್ದಾರೆ. ಅವರಿಗೆ ಏನು ಹೇಳಲಿ? ಐಎಸ್‌ಐ ಗುರುತಿನ ಪೈಪಾದರೂ ಐದು ವರ್ಷಕ್ಕೊಮ್ಮೆ ಬದಲಿಸಬೇಕು.

ಈ ಅನಿಲ ಗಾಳಿಗಿಂತ ಭಾರ. ವ್ಯಾನಿನಲ್ಲಿ ಅದು ಸೀಟಿನಡಿ, ನೆಲದಲ್ಲೇ ಮಡುಗಟ್ಟುತ್ತದೆ. ಕಿಟಕಿ ತೆರೆದರೆ ಸಾಲದು, ಬಾಗಿಲುಗಳನ್ನೇ ತೆರೆಯಬೇಕು. ವಾಸನೆ ಬಂದಾಗ ಲೈಟು, ಫ್ಯಾನಿನ ಸ್ವಿಚ್ ಆನ್ ಮಾಡುವುದೂ ಬೇಡ, ಆಫ್ ಮಾಡುವುದೂ ಬೇಡ. ರೆಗ್ಯುಲೇಟರ್ ಮುಚ್ಚಿ, ಎಲ್ಲರೂ ದೂರ ಸರಿದ ಮೇಲೆ 1906ಕ್ಕೆ ಕರೆ ಮಾಡಿ. ಅಡುಗೆ ಅನಿಲದ ತುರ್ತು ಸಹಾಯವಾಣಿ ಅದು, ದಿನವಿಡೀ ಸಿಗುತ್ತದೆ.

ಜನ ಕೂರುವ ಗಾಡಿಯಲ್ಲಿ ಸಿಲಿಂಡರ್ ಒಯ್ಯುವುದೇ ಸರಿಯಲ್ಲ ಎಂಬುದು ಈಗ ನನ್ನ ಅಭಿಪ್ರಾಯ. ಈ ವರ್ಷದ ಪ್ರವಾಸಕ್ಕೆ ಬುತ್ತಿ ಕಟ್ಟಿಕೊಂಡು ಹೋದೆವು.