ಬಿಸಿ ಎಂಜಿನ್ ಹೇಳಿದ ಬೆಲೆ

ನಮ್ಮಪ್ಪ ಹಳೇ ಯೆಜ್ಡಿ ನೋಡಲು ಹೋದರೆ ಬಣ್ಣದ ಕಡೆ ಕಣ್ಣೆತ್ತುತ್ತಿರಲಿಲ್ಲ. ಕಿಕ್ಕರನ್ನು ಕೈಯಲ್ಲೇ ಮೆಲ್ಲಗೆ ಒತ್ತುತ್ತಿದ್ದರು. ಅರ್ಧದಲ್ಲಿ ಅದು ಕೈಗೆ ಎದುರು ನಿಲ್ಲಬೇಕು. ಸಲೀಸಾಗಿ ಕೆಳಗಿಳಿಯಿತೋ, "ಕಂಪ್ರೆಷನ್ ಹೋಗಿದೆ, ಬೋರ್ ಮಾಡಿಸ್ಬೇಕು" ಎಂದು ಎದ್ದುಬಿಡುತ್ತಿದ್ದರು. ಮೈಸೂರಿನಲ್ಲೇ ತಯಾರಾಗುತ್ತಿದ್ದ ಬೈಕು. ರಿಂಗು, ಪಿಸ್ಟನ್ನಿನ ರೇಟು ಅವರಿಗೆ ಬಾಯಿಪಾಠ.

2014ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಾನು ಮೋಹಿಸಿದ ಮಾಜ್ದಾ ಆರ್‌ಎಕ್ಸ್-8ಕ್ಕೆ ಕಿಕ್ಕರ್ ಇರಲಿಲ್ಲ. 2005ರ ಮಾಡೆಲ್, ಕೆಂಪು ಬಣ್ಣ, ಕೇಳಿದ್ದು 6,000 ಡಾಲರ್. ನಿಮಿಷಕ್ಕೆ 9,000 ಸುತ್ತಿನವರೆಗೂ ಸದ್ದು ಏರುವ ಕಾರು ಈ ದುಡ್ಡಿಗೆ ಸಿಗುತ್ತದೆಂದರೆ ಯಾರಿಗಾದರೂ ತಲೆ ತಿರುಗುತ್ತದೆ. ನನಗೂ ತಿರುಗಿತ್ತು. ಅಗ್ಗದ ಕಾರಣ ಆಮೇಲೆ ತಿಳಿಯಿತು: ಎಂಜಿನ್ ದೂರುಗಳು ಹೆಚ್ಚಾದ್ದರಿಂದ ಅಮೆರಿಕದಲ್ಲಿ ಕಂಪನಿ ಈ ಎಂಜಿನ್ನಿನ ವಾರಂಟಿಯನ್ನು 8 ವರ್ಷ ಅಥವಾ 1,00,000 ಮೈಲಿಗೆ ಹಿಗ್ಗಿಸಿತ್ತು. ನಾನು ನೋಡಿದ ಕಾರಿಗೆ ಆ ಗಡುವು ಮುಗಿದು ವರ್ಷವಾಗಿತ್ತು.

ಇದರಲ್ಲಿ ಪಿಸ್ಟನ್ನೇ ಇಲ್ಲ. ಮೂರು ಮೂಲೆಯ ರೋಟರುಗಳು ಎರಡು. ಒಂದೊಂದು ಮೂಲೆಯಲ್ಲೂ ಒಂದು ಸೀಲು. ಪಿಸ್ಟನ್ನಿಗೆ ರಿಂಗು ಮಾಡುವ ಕೆಲಸವನ್ನೇ ಇಲ್ಲಿ ಅದು ಮಾಡುತ್ತದೆ. ಸೀಲು ಸವೆದರೆ ಒತ್ತಡ ಸೋರುತ್ತದೆ. ಆ ಸೀಲಿಗೆ ಜಿಡ್ಡು ಸಿಗಲೆಂದೇ ಎಂಜಿನ್ ಸ್ವಲ್ಪ ಸ್ವಲ್ಪ ಆಯಿಲ್ಲನ್ನು ತಾನೇ ಒಳಗೆ ಸಿಂಪಡಿಸಿ ಸುಡುತ್ತದೆ. ಹಾಗಾಗಿ "ನನ್ನ ಕಾರು ಒಂದು ತೊಟ್ಟು ಆಯಿಲ್ ಕುಡಿಯಲ್ಲ" ಎಂದು ಮಾರುವವ ಹೆಮ್ಮೆಪಟ್ಟಾಗ ನಾನು ಖುಷಿಪಡದೆ ಬೆವರಬೇಕಿತ್ತು.

ತಣ್ಣಗಿದ್ದಾಗ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಸವೆದ ರೋಟರಿ ಎಂಜಿನ್ ಕೈಕೊಡುವುದು ಬಿಸಿಯಾದ ಮೇಲೆ. ಅರ್ಧ ಗಂಟೆ ಓಡಿಸಿ, ಆಫ್ ಮಾಡಿ, ಮಾರುವವನ ಜೊತೆ ಹತ್ತು ನಿಮಿಷ ಹವಾಮಾನ ಮಾತಾಡಿ ಮತ್ತೆ ಕೀ ತಿರುಗಿಸಿದೆ. ಸ್ಟಾರ್ಟರ್ ತಿರುಗಿತು, ತಿರುಗುತ್ತಲೇ ಇತ್ತು. ಆತ "ಬ್ಯಾಟರಿ ಹಳೇದು" ಎಂದ. ಸ್ಟಾರ್ಟರ್ ತಿರುಗಿಸುವಾಗ ಆಕ್ಸಿಲರೇಟರ್ ಪೂರ್ತಿ ತುಳಿದರೆ ಪೆಟ್ರೋಲ್ ನಿಲ್ಲುತ್ತದೆ, ಎಂಜಿನ್ ಬರೀ ಉಸಿರಾಡುತ್ತದೆ. ಹಾಗೆ ಮಾಡಿ ಕಿವಿಗೊಟ್ಟೆ. ಒಂದೇ ಲಯದಲ್ಲಿ ಬರಬೇಕಾದ ಸದ್ದು ನಡುನಡುವೆ ಕುಂಟುತ್ತಿತ್ತು.

ಕಿವಿಯ ಸಾಕ್ಷಿ ಚೌಕಾಸಿಗೆ ನಡೆಯುವುದಿಲ್ಲ. 150 ಡಾಲರ್ ಕೊಟ್ಟು ರೋಟರಿ ಗೊತ್ತಿದ್ದ ಗ್ಯಾರೇಜಿಗೆ ಒಯ್ದೆ. ಮಾಮೂಲಿ ಕಂಪ್ರೆಷನ್ ಗೇಜು ರೋಟರಿನ ಮೂರು ಮುಖಗಳಲ್ಲಿ ಗಟ್ಟಿಯಾದದ್ದನ್ನಷ್ಟೇ ತೋರಿಸಿ ಉಳಿದೆರಡರ ಮಾನ ಕಾಪಾಡುತ್ತದೆ. ಇದಕ್ಕೆ ಪ್ರತಿ ಮುಖವನ್ನೂ ಬೇರೆ ಬೇರೆ ಅಳೆಯುವ ಉಪಕರಣವೇ ಬೇಕು. ನಿಮಿಷಕ್ಕೆ 250 ಸುತ್ತಿನ ಲೆಕ್ಕದಲ್ಲಿ ಹೊಸ ಎಂಜಿನ್ 830 ಕಿಲೋಪಾಸ್ಕಲ್, ಕನಿಷ್ಠ 680. ನನ್ನ ಚೀಟಿಯಲ್ಲಿ ಮುಂದಿನ ರೋಟರ್ 690, 700, 710. ಹಿಂದಿನದು 640, 560, 650.

ಎಂಜಿನ್ ಇಳಿಸಿ ಮತ್ತೆ ಕಟ್ಟಲು ಅದೇ ಗ್ಯಾರೇಜು ಹೇಳಿದ್ದು 4,500. ಅಲ್ಲಿಗೆ ಆ ಕೆಂಪು ತಗಡಿನ ಬೆಲೆ 1,500 ಉಳಿಯಿತು. ಉದಾರಿಯಾಗಿ 1,800 ಎಂದೆ. ಮಾರುವವ ಚೀಟಿಯನ್ನು ಓದದೆ ವಾಪಸ್ ಕೊಟ್ಟ. "ಓಡ್ತಿದೆಯಲ್ಲ ಸಾರ್" ಎಂದು ನಮ್ಮೂರಿನ ದಲ್ಲಾಳಿಗಳು ಹೇಳುವುದನ್ನೇ ಇಂಗ್ಲಿಷಿನಲ್ಲಿ ಹೇಳಿದ.

ಎರಡು ತಿಂಗಳ ನಂತರ ಇನ್ನೊಂದು ಸಿಕ್ಕಿತು. ಕೇಳಿದ್ದು 8,500. ಡಿಕ್ಕಿಯಲ್ಲಿ ಅರ್ಧ ಖಾಲಿಯಾದ ಆಯಿಲ್ ಡಬ್ಬಿಯಿತ್ತು, ಬಿಸಿಯಲ್ಲೂ ತಕ್ಷಣ ಹತ್ತಿತು, ಆರೂ ಅಂಕಿ 750ರ ಮೇಲೆ. ಚೌಕಾಸಿಗೆ ಬಾಯಿ ಬರಲಿಲ್ಲ, ಕೊಟ್ಟೆ. ಅಪ್ಪನಿಗೆ ಫೋನ್ ಮಾಡಿ ಅಂಕಿಗಳನ್ನೆಲ್ಲ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಆಯಿಲ್ ಡಬ್ಬಿ ಕಾರಿನ ಜೊತೆ ಕೊಟ್ರಾ, ಇಟ್ಕೊಂಡ್ರಾ?" ಎಂದರು.