ತಲೆ ಲೆಕ್ಕ, ಒಲೆ ಲೆಕ್ಕ

1996ರಲ್ಲಿ ಕಡೂರು ಸೀಮೆಯ ಒಂದು ಗ್ರಾಮ ಪಂಚಾಯಿತಿಗೆ ಕಾರ್ಯದರ್ಶಿಯಾಗಿ ಸೇರಿದೆ. ಆಮೇಲೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಆಗಿ ಮಲೆನಾಡು ಹತ್ತಿದೆ, 2024ರಲ್ಲಿ ನಿವೃತ್ತನಾದೆ. ಅಷ್ಟೂ ವರ್ಷ ಒಂದೇ ಜಿಲ್ಲೆ, ಚಿಕ್ಕಮಗಳೂರು. ಆಶ್ರಯ, ಇಂದಿರಾ ಆವಾಸ್, ಬಸವ ವಸತಿ, ಪ್ರಧಾನಮಂತ್ರಿ ಆವಾಸ್ ಎಂದು ಯೋಜನೆಗಳ ಹೆಸರು ಬದಲಾಗುತ್ತ ಹೋದವು. ಪ್ರಗತಿ ಪರಿಶೀಲನಾ ಸಭೆಯ ಮೊದಲ ಪ್ರಶ್ನೆ ಮಾತ್ರ ಬದಲಾಗಲಿಲ್ಲ: ‘ಗುರಿ ಎಷ್ಟು, ಸಾಧನೆ ಎಷ್ಟು?’ ಈಗ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಆಗಾಗ ಫೋನು ಮಾಡಿ ಏನಾದರೂ ಕೇಳುತ್ತಿರುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

1. ತಲೆ ಎಣಿಸಿದರೆ ಸಾಲದು, ಒಲೆ ಎಣಿಸಬೇಕು

2001ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನ 11.41 ಲಕ್ಷ. 2011ರಲ್ಲಿ 11.38 ಲಕ್ಷ. ಹತ್ತು ವರ್ಷದಲ್ಲಿ ಜನ ಕಡಿಮೆಯಾದ ಜಿಲ್ಲೆ ನಮ್ಮದು. ಅದೇ ಹತ್ತು ವರ್ಷದಲ್ಲಿ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಏರಿತು. ನಮ್ಮ ಹುಡುಗರು ಎಲ್ಲಿಗೆ ಹೋದರು ಎಂದು ಬೇರೆ ಹೇಳಬೇಕಿಲ್ಲ.

ಆ ಅಂಕಿ ಬಂದ ವರ್ಷ ಸಭೆಯೊಂದರಲ್ಲಿ ಮೇಲಧಿಕಾರಿಯೊಬ್ಬರು ಕೇಳಿದರು: ‘ಜನ ಇಳಿದಿದ್ದಾರೆ, ಮನೆ ಕೇಳುವವರ ಪಟ್ಟಿ ಯಾಕ್ರೀ ಬೆಳೀತಿದೆ? ಸುಳ್ಳು ಪಟ್ಟಿ ತಾನೇ?’ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆಮೇಲೆ ಹೊಳೆದದ್ದು ಕಡೂರು ಕಡೆಯ ಒಂದು ಮನೆ. ಅಂಕಣದ ಮನೆ, ಒಬ್ಬ ಅಜ್ಜಿ, ಮೂರು ಜನ ಗಂಡುಮಕ್ಕಳು. ನಡುಮನೆಗೆ ಸೀರೆ ಕಟ್ಟಿ ಮೂರು ಭಾಗ ಮಾಡಿಕೊಂಡಿದ್ದರು. ಮೂರು ಭಾಗಕ್ಕೂ ಒಂದೊಂದು ಒಲೆ. ‘ಒಲೆ ಬ್ಯಾರೆ ಆಗಿ ಎಂಟು ವರ್ಷ ಆತು ಸ್ವಾಮಿ, ಗ್ವಾಡೆ ಒಂದೇ ಐತೆ ಅಷ್ಟೆ’ ಅಂದಿತ್ತು ಅಜ್ಜಿ. ಆ ಎಂಟು ವರ್ಷದಲ್ಲಿ ಆ ಮನೆಯ ತಲೆಗಳು ಹೆಚ್ಚಾಗಿರಲಿಲ್ಲ. ಮೊಮ್ಮಗಳೊಬ್ಬಳು ಮದುವೆಯಾಗಿ ಹೋಗಿದ್ದಳು, ಕೂಸೊಂದು ಹುಟ್ಟಿತ್ತು, ಅಲ್ಲಿಗಲ್ಲಿಗೆ ಸರಿ. ಬೇಕಾದ ಮನೆ ಮಾತ್ರ ಒಂದಿದ್ದದ್ದು ಮೂರಾಗಿತ್ತು.

ಹಳ್ಳಿಯಲ್ಲಿ ಮನೆಯ ಬೇಡಿಕೆ ಏರುವುದು ತೊಟ್ಟಿಲಿಂದಲ್ಲ, ಪಾಲಿನಿಂದ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಫಲವತ್ತತೆ ದರ 1.7. ಅಂದರೆ ಇಬ್ಬರ ಜಾಗಕ್ಕೆ ಇಬ್ಬರೂ ಬರುತ್ತಿಲ್ಲ. ಆದರೆ ಅಣ್ಣತಮ್ಮಂದಿರು ಒಂದೇ ಸೂರಿನಡಿ ಉಣ್ಣುವ ಕಾಲ ಮುಗಿಯಿತು. ಮನೆಯ ಯಜಮಾನಿಗೆ ದುಡ್ಡು ಕೊಡುವ ಗೃಹಲಕ್ಷ್ಮಿ ಬಂದ ಮೇಲೆ ಅತ್ತೆಗೊಂದು ಸೊಸೆಗೊಂದು ಪಡಿತರ ಚೀಟಿ ಬೇಕೆಂದು ಕೇಳುವುದೂ ಶುರುವಾಗಿದೆ. ಅದನ್ನು ಬರೀ ಆಸೆ ಅನ್ನಬೇಡಿ. ಎಷ್ಟೋ ಕಡೆ ಚೀಟಿಗಿಂತ ಮೊದಲೇ ಒಲೆ ಒಡೆದಿರುತ್ತದೆ.

ಇದರ ಇನ್ನೊಂದು ಮಗ್ಗುಲು ಪಂಚಾಯಿತಿಯ ಗಂಟಲಿಗೇ ಕುತ್ತು. ಸುಮಾರು 400 ಜನಕ್ಕೆ ಒಬ್ಬ ಸದಸ್ಯ ಎಂಬ ಲೆಕ್ಕ ನಮ್ಮದು. ಹಣಕಾಸು ಆಯೋಗದ ಅನುದಾನಕ್ಕೂ ತಲೆಯೇ ಮುಖ್ಯ ಅಳತೆ, ಅದೂ ನಾನು ನಿವೃತ್ತನಾಗುವವರೆಗೂ 2011ರ ತಲೆ. ನಲ್ಲಿ ಎಳೆಯುವುದು, ಬೀದಿದೀಪ ಹಾಕುವುದು, ಚರಂಡಿ ತೋಡುವುದು ಮಾತ್ರ ಮನೆ ಲೆಕ್ಕದಲ್ಲಿ. ಜನ ಇಳಿದು ಮನೆ ಏರಿದ ಊರಲ್ಲಿ ಪೈಪು ಉದ್ದವಾಗುತ್ತದೆ, ದುಡ್ಡು ಗಿಡ್ಡವಾಗುತ್ತದೆ.

2. ಗುರಿ ಇಳಿದು ಬರುವಾಗ ಚೂರಾಗುತ್ತದೆ

ಗುರಿ ಹಳ್ಳಿಯಿಂದ ಮೇಲಕ್ಕೆ ಹೋಗುವುದಿಲ್ಲ. ದಿಲ್ಲಿಯಿಂದ ಬೆಂಗಳೂರು, ಅಲ್ಲಿಂದ ಜಿಲ್ಲೆ, ತಾಲ್ಲೂಕು, ಕೊನೆಗೆ ಪಂಚಾಯಿತಿ ಎಂದು ಇಳಿಯುತ್ತದೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣದ ಮೊದಲ ಗುರಿ 2.95 ಕೋಟಿ ಮನೆ. 2024ರಲ್ಲಿ ಅದಕ್ಕೆ ಇನ್ನೂ 2 ಕೋಟಿ ಸೇರಿಸಿದರು. ಅಷ್ಟು ದೊಡ್ಡ ಸಂಖ್ಯೆ ನಮ್ಮ ಮೇಜಿಗೆ ಬರುವಾಗ ಹದಿನೇಳೋ ಇಪ್ಪತ್ತಮೂರೋ ಆಗಿರುತ್ತದೆ. ಅದೂ ವರ್ಗವಾರು ಅಂಕಣಗಳಲ್ಲಿ. ಮೀಸಲು ಇರಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಇಡೀ ದೇಶಕ್ಕೆ ಸರಿಹೋಗುವ ಪ್ರಮಾಣವನ್ನು ಮೂರು ಹಳ್ಳಿಯ ಪಂಚಾಯಿತಿಗೆ ಹಾಗೇ ಹಾಕಿದರೆ ಏನಾಗುತ್ತದೆ? ಒಂದು ಅಂಕಣದಲ್ಲಿ ಗುರಿ ಇರುತ್ತದೆ, ಅರ್ಹ ಕುಟುಂಬ ಇರುವುದಿಲ್ಲ. ಪಕ್ಕದ ಪಂಚಾಯಿತಿಯ ಹಟ್ಟಿಯಲ್ಲಿ ಹತ್ತು ಕುಟುಂಬ ಗುಡಿಸಲಲ್ಲಿರುತ್ತವೆ, ಅಲ್ಲಿ ಗುರಿ ಎರಡೇ.

ಇದರ ಮೇಲೆ ‘ಮೆಂಬರಿಗೆ ಇಷ್ಟು’ ಎಂಬ ಅಲಿಖಿತ ಪಾಲು ಬೇರೆ. ಮೊದಲ ವರ್ಷ ನಾನೂ ಹಂಚಿಬಿಟ್ಟೆ, ತಲೆನೋವು ತಪ್ಪಿತು ಅಂದುಕೊಂಡೆ. ಆ ಪಟ್ಟಿಯಲ್ಲಿ ಒಬ್ಬರಿಗೆ ಆಗಲೇ ತಾರಸಿ ಮನೆ ಇತ್ತು. ಮಾರನೇ ವರ್ಷದಿಂದ ಗ್ರಾಮಸಭೆಯಲ್ಲಿ ಹೆಸರುಗಳನ್ನು ನಾನೇ ಎದ್ದು ನಿಂತು ಜೋರಾಗಿ ಓದತೊಡಗಿದೆ. ನಿಧಾನವಾಗಿ, ಒಂದೊಂದು ಹೆಸರಿಗೂ ಸ್ವಲ್ಪ ತಡೆದು. ಆ ತಡೆಯುವಲ್ಲಿ ಹಿಂದಿನ ಸಾಲಿನಿಂದ ಒಂದು ಕೆಮ್ಮು ಬರುತ್ತದೆ ನೋಡಿ, ಆಗ ಪೆನ್ನು ಕೆಳಗಿಡಿ, ಆ ಮನೆಗೆ ಹೋಗಿ ಬನ್ನಿ.

3. ಮನೆ ಕೊಡುವುದು ಸುಲಭ, ನೆಲ ಕೊಡುವುದು ಕಷ್ಟ

ಮಲೆನಾಡಿಗೆ ಬಂದ ಮೇಲೆ ಕಲಿತ ದೊಡ್ಡ ಪಾಠ ಇದು. ಬಯಲಿನಲ್ಲಿ ಗೋಮಾಳವೋ ಖರಾಬೋ ಎಲ್ಲಾದರೂ ಎರಡೆಕರೆ ಸಿಕ್ಕುತ್ತಿತ್ತು. ಇಲ್ಲಿ ಕಣ್ಣು ಹಾಯಿಸಿದಷ್ಟೂ ಹಸಿರು, ಕಾಲಿಡಲು ಜಾಗವಿಲ್ಲ. ಒಂದು ಸರ್ವೆ ನಂಬರು ತೆಗೆದರೆ ಮೀಸಲು ಅರಣ್ಯ, ಇನ್ನೊಂದು ತೆಗೆದರೆ ಡೀಮ್ಡ್ ಅರಣ್ಯ, ಮೂರನೆಯದಕ್ಕೆ ‘ಸೆಕ್ಷನ್ ನಾಲ್ಕು ಆಗಿದೆ ಸಾರ್’ ಎಂಬ ಉತ್ತರ, ಅಂದರೆ ಮೀಸಲು ಅರಣ್ಯ ಮಾಡುವ ಅಧಿಸೂಚನೆ ಬಿದ್ದಿದೆ ಎಂದು. ಉಳಿದದ್ದು ತೋಟ. ತೋಟಕ್ಕೆ ಯಜಮಾನರಿದ್ದಾರೆ.

ಕಾಫಿ ತೋಟದ ಲೈನ್ ಮನೆಗಳಲ್ಲಿ ಇರುವವರ ಸಂಗತಿ ಹೊರಗಿನವರಿಗೆ ಬೇಗ ಅರ್ಥವಾಗುವುದಿಲ್ಲ. ಸಾಲಾಗಿ ಕಟ್ಟಿದ ಒಂದೊಂದು ಕೋಣೆಯ ಮನೆಗಳು, ಒಂದೇ ಮಾಡು, ಗೋಡೆಗೆ ಗೋಡೆ. ಅಜ್ಜ ಬಂದು ಸೇರಿದ್ದ, ಅಪ್ಪ ಅಲ್ಲೇ ಹುಟ್ಟಿದ, ಮಗಳು ಅಲ್ಲಿಂದಲೇ ಶಾಲೆಗೆ ಹೋದಳು. ಮತದಾರರ ಪಟ್ಟಿಯಲ್ಲಿ ಹೆಸರಿದೆ, ಪಡಿತರ ಬರುತ್ತದೆ. ಅಂಗೈ ಅಗಲ ನೆಲ ಇಲ್ಲ. ಕೆಲಸ ಬಿಟ್ಟ ದಿನ ಮನೆಯೂ ಹೋಯಿತು.

ಅಂಥ ಲೈನಿನಲ್ಲಿದ್ದ ಹೆಂಗಸೊಬ್ಬರು ಮೂರು ಯೋಜನೆಗಳ ಪಟ್ಟಿಯಲ್ಲೂ ಇದ್ದರು. ಮೂರು ಸಲವೂ ಆಯ್ಕೆಯಾದರು, ಮೂರು ಸಲವೂ ‘ನಿವೇಶನ ಇಲ್ಲ’ ಎಂಬ ಷರಾ ಬಿದ್ದು ಹೆಸರು ಹಿಂದೆ ಹೋಯಿತು. ಮೂರನೇ ಷರಾ ಬರೆದದ್ದು ಈ ಕೈಯೇ. ಕೊನೆಗೆ ಆಕೆ ಕೇಳಿದ್ದು: ‘ಸಾರ್, ಮನೆ ಆಮೇಲೆ ಕೊಡಿ. ನಿಲ್ಲೋಕೆ ಎಲ್ಲಿ ಅಂತ ಮೊದ್ಲು ಹೇಳಿ.’

ಸರ್ಕಾರಿ ಜಾಗದಲ್ಲಿ ಆಗಲೇ ಮನೆ ಕಟ್ಟಿಕೊಂಡವರಿಗೆ ಭೂಕಂದಾಯ ಕಾಯ್ದೆಯ 94ಸಿ ಅಡಿಯಲ್ಲಿ ಹಕ್ಕುಪತ್ರದ ದಾರಿ ಇದೆ. ಒತ್ತುವರಿಯನ್ನೂ ಮಾಡದೆ ಲೈನಿನಲ್ಲೇ ಉಳಿದ ಸಂಭಾವಿತರಿಗೆ ಆ ದಾರಿಯೂ ಇಲ್ಲ. ಹಾಗಾಗಿ ಹೊಸಬರಿಗೆ ನನ್ನ ಮಾತು ಇಷ್ಟೇ: ಗುರಿ ಬಂದ ಮೇಲೆ ಜಾಗ ಹುಡುಕಬೇಡಿ. ಗುರಿ ಬರುವ ಮೂರು ವರ್ಷ ಮೊದಲೇ ಕಂದಾಯದವರನ್ನೂ ಅರಣ್ಯದವರನ್ನೂ ಒಟ್ಟಿಗೆ ಕರೆದುಕೊಂಡು ಹೋಗಿ ಜಂಟಿ ಸರ್ವೆ ಮಾಡಿಸಿಡಿ. ಬೇರೆ ಬೇರೆ ಕರೆದುಕೊಂಡು ಹೋದರೆ ಎರಡು ನಕಾಶೆ ಸಿಗುತ್ತವೆ.

4. ಮಾರ್ಚ್ 31 ಮತ್ತು ಮಳೆ

ಆರ್ಥಿಕ ವರ್ಷ ಏಪ್ರಿಲಿನಲ್ಲಿ ಹುಟ್ಟಿ ಮಾರ್ಚಿನಲ್ಲಿ ಸಾಯುತ್ತದೆ. ಗುರಿ ಇಳಿದು, ಆಯ್ಕೆಯಾಗಿ, ಕಾರ್ಯಾದೇಶ ಕೈಗೆ ಬರುವಾಗ ಜೂನ್ ಜುಲೈ. ಮಲೆನಾಡಿನಲ್ಲಿ ಆಗ ಪಾಯ ತೋಡಿದರೆ ಬಾವಿ ತೋಡಿದ ಹಾಗೆ. ಮಳೆ ಬಿಟ್ಟಿತು ಅನ್ನುವಷ್ಟರಲ್ಲಿ ಅಡಿಕೆ ಕೊಯ್ಲು, ಅದರ ಬೆನ್ನಿಗೆ ಕಾಫಿ ಕೊಯ್ಲು. ಫಲಾನುಭವಿಯೇ ಕೂಲಿಗೆ ಹೋಗಿರುತ್ತಾನೆ, ಮೇಸ್ತ್ರಿ ಸಿಗುವುದಿಲ್ಲ. ಕೆಲಸಕ್ಕೆ ನಿಜವಾಗಿ ಸಿಗುವುದು ಫೆಬ್ರುವರಿಯಿಂದ ಮೇ. ಅದರ ನಡುವೆಯೇ ಮಾರ್ಚ್ 31 ಬಂದು ಕೂರುತ್ತದೆ. ಜುಲೈಯಲ್ಲಿ ‘ಪಾಯ ಯಾಕೆ ಆಗಿಲ್ಲ’ ಎಂದು ನೋಟಿಸು ಕೊಟ್ಟರೆ ಕೊಡೆ ಹಿಡಿದುಕೊಂಡು ಉತ್ತರ ಬರೆಯಿರಿ, ಜಗಳ ಬೇಡ.

5. ಒಂದು ಲಕ್ಷ ಇಪ್ಪತ್ತು ಸಾವಿರ

2016ರಲ್ಲಿ ಪ್ರಧಾನಮಂತ್ರಿ ಆವಾಸ್‌ನ ಒಂದು ಮನೆಗೆ ಬಯಲು ಪ್ರದೇಶಕ್ಕೆ 1.20 ಲಕ್ಷ, ಗುಡ್ಡಗಾಡು ರಾಜ್ಯಗಳಿಗೆ 1.30 ಲಕ್ಷ ಎಂದು ನಿಗದಿಯಾಯಿತು. ಘಾಟಿಯ ತಿರುವಿನಲ್ಲಿದ್ದ ನಮ್ಮ ಕಡತಕ್ಕೆ ಬಂದದ್ದು ಬಯಲಿನ ದರ! ಜೊತೆಗೆ ಉದ್ಯೋಗ ಖಾತರಿಯಲ್ಲಿ 90 ದಿನದ ಕೂಲಿ, ಶೌಚಾಲಯಕ್ಕೆ 12,000. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ನಮ್ಮ ಕಡೆ ಹಣ ಬರುತ್ತಿದ್ದದ್ದು ಪಾಯ, ಲಿಂಟಲ್, ಛಾವಣಿ, ಪೂರ್ಣ ಎಂದು ಹಂತಹಂತವಾಗಿ, ಜಿಪಿಎಸ್ ಫೋಟೊ ತೆಗೆದ ಮೇಲೆ. ಅಂದರೆ ಮೊದಲು ಖರ್ಚು ಮಾಡಿದವನಿಗೆ ಆಮೇಲೆ ಹಣ. ಮೊದಲು ಖರ್ಚು ಮಾಡಲು ಇದ್ದಿದ್ದರೆ ಅವನು ನಮ್ಮ ಹತ್ತಿರ ಯಾಕೆ ಬರುತ್ತಿದ್ದ? ಲಿಂಟಲ್‌ಗೆ ನಿಂತ ಮನೆಗಳನ್ನು ನೋಡಿದರೆ ಸೋಮಾರಿತನ ಎಂದುಕೊಳ್ಳಬೇಡಿ. ಸಾಲ ಅಲ್ಲಿಗೆ ಮುಗಿದಿರುತ್ತದೆ. ಧರ್ಮಸ್ಥಳ ಸ್ವಸಹಾಯ ಸಂಘದ ಸಾಲ ಹುಟ್ಟಿದರೆ ಛಾವಣಿ ಏರುತ್ತದೆ, ಇಲ್ಲದಿದ್ದರೆ ತಗಡು.

6. ಪಟ್ಟಿಗೆ ವಯಸ್ಸಾಗುತ್ತದೆ

2011ರ ಸಾಮಾಜಿಕ ಆರ್ಥಿಕ ಜಾತಿ ಗಣತಿಯ ಪಟ್ಟಿ ಹಿಡಿದು 2016ರ ನಂತರ ಮನೆ ಹಂಚಿದೆವು. ಅಷ್ಟರಲ್ಲಿ ಗುಡಿಸಲಿದ್ದವರಲ್ಲಿ ಕೆಲವರು ಗೋಡೆ ಕಟ್ಟಿಕೊಂಡಿದ್ದರು, ಗೋಡೆಯಿದ್ದ ಕೆಲವರದು ಮಳೆಗೆ ಕುಸಿದಿತ್ತು. ದ್ವಿಚಕ್ರ ವಾಹನ ಇದ್ದವರು ಅನರ್ಹರು ಎಂಬ ನಿಯಮ ಬಹಳ ಕಾಲ ಇತ್ತು. ಹಳೇ ಟಿವಿಎಸ್‌ನಲ್ಲಿ ಸೊಪ್ಪು ಮಾರುವವನನ್ನು ಶ್ರೀಮಂತನೆಂದು ಷರಾ ಬರೆದ ದಿನ ಊಟ ಸೇರಲಿಲ್ಲ. 2024ರಲ್ಲಿ ಆ ಷರತ್ತು ತೆಗೆದರು. ನಾನು ಆಗ ಕಡತ ಒಪ್ಪಿಸುತ್ತಿದ್ದೆ.

7. ಊರಾಚೆಯ ಕಾಲೊನಿ

ಗುರಿ ಬೇಗ ಮುಟ್ಟಲು ಸುಲಭದ ದಾರಿ: ದೂರದಲ್ಲಿ ಅಗ್ಗದ ಜಾಗ ಹಿಡಿದು, ಒಂದೇ ಕಡೆ ನಲವತ್ತು ಮನೆ ಏಳಿಸುವುದು. ಬಯಲಿನಲ್ಲಿದ್ದಾಗ ಹಾಗೊಂದು ಬಡಾವಣೆ ಮಾಡಿದೆವು, ಊರಿಂದ ಎರಡೂವರೆ ಕಿಲೋಮೀಟರು. ಉದ್ಘಾಟನೆಗೆ ತೋರಣ ಕಟ್ಟಿದ್ದು ನೆನಪಿದೆ. ಬೋರ್‌ವೆಲ್ ಎರಡನೇ ಬೇಸಗೆಗೆ ಕೈಕೊಟ್ಟಿತು. ಅಂಗನವಾಡಿ ಕೇಳಿದರೆ ‘ಅಷ್ಟು ಮಕ್ಕಳು ಇಲ್ಲ’ ಎಂಬ ಉತ್ತರ. ಹಳೇ ಊರಿನ ಅಂಗನವಾಡಿಯಲ್ಲೂ ಮಕ್ಕಳು ಕಡಿಮೆಯಾದರು. ಹೊಸ ಜನ ಯಾರೂ ಬಂದಿರಲಿಲ್ಲವಲ್ಲ, ಇದ್ದವರೇ ಎರಡು ಕಡೆ ಹಂಚಿಹೋಗಿದ್ದರು. ಮುದುಕರು ಹಗಲೆಲ್ಲ ಹಳೇ ಊರಿನ ಅರಳಿಕಟ್ಟೆಯಲ್ಲಿ ಕೂತು ರಾತ್ರಿ ಮಲಗಲು ಮಾತ್ರ ಹೊಸ ಮನೆಗೆ ನಡೆದು ಹೋಗುತ್ತಿದ್ದರು. ಆಮೇಲೆ ಎಷ್ಟೇ ಒತ್ತಡ ಬಂದರೂ ಹಳೇ ಮನೆಯ ಹಿತ್ತಿಲಲ್ಲೇ, ಅಣ್ಣನ ಪಕ್ಕದಲ್ಲೇ ತಮ್ಮನಿಗೆ ಕಟ್ಟಿಸಲು ನೋಡಿದೆ. ಒಲೆ ಬೇರೆಯಾದವರು ಹಿತ್ತಿಲು ಬಿಟ್ಟುಕೊಡುವ ಹಾಗೆ ಮಾಡುವುದು ಮಾತ್ರ ಯಾವ ತರಬೇತಿಯಲ್ಲೂ ಹೇಳಿಕೊಡದ ವಿದ್ಯೆ.

8. ಬೀಗ

2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಯಿತಲ್ಲ, ವಿದ್ಯುತ್ ಮೀಟರ್ ಹಿಡಿದು ಪ್ರತಿ ಮನೆಗೂ ಸ್ಟಿಕ್ಕರ್ ಅಂಟಿಸಿದ್ದರು. ಗಣತಿಗೆ ಹೋದ ಮೇಷ್ಟ್ರೊಬ್ಬರು ಸಂಜೆ ಫೋನು ಮಾಡಿದರು. ‘ಸಾರ್, ಸ್ಟಿಕ್ಕರ್ ಇದೆ, ಬಾಗಿಲಿಗೆ ಬೀಗ. ಪಕ್ಕದವರನ್ನು ಕೇಳಿದ್ರೆ ಬೆಂಗಳೂರು ಅಂತಾರೆ. ನಿಮ್ಮ ಕಾಲದಲ್ಲಿ ಆದ ಮನೆಯಂತೆ. ಯಾರದು ಇದು?’

ಗುರುತು ಕೇಳಿದೆ. ನೀಲಿ ಬಾಗಿಲು, ಎದುರಿಗೆ ಹಲಸಿನ ಮರ ಅಂದರು. ಗೊತ್ತಾಯಿತು. ಮಾರ್ಚ್ 31ರ ಸಂಜೆ ಆರಕ್ಕೆ, ಬೆಳಕು ಹೋಗುವ ಮೊದಲು ಓಡಿಹೋಗಿ ‘ಪೂರ್ಣ’ ಎಂದು ಫೋಟೊ ತೆಗೆದ ಮನೆ. ಆ ವರ್ಷ ನಮ್ಮ ಪಂಚಾಯಿತಿಯ ಸಾಧನೆ ನೂರಕ್ಕೆ ನೂರು. ಫೋಟೊದಲ್ಲಿ ಬಾಗಿಲ ಮುಂದೆ ನಿಂತಿದ್ದ ತಾಯಿ ಎರಡು ವರ್ಷಕ್ಕೆ ತೀರಿಕೊಂಡರು. ಮಗ ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತಾನೆ, ಬಾಡಿಗೆ ಮನೆಯಲ್ಲಿದ್ದಾನೆ.

‘ಅವನ ನಂಬರು ಇದೆ, ಕೊಡ್ತೀನಿ’ ಅಂದೆ. ಅದರ ಬೆನ್ನಿಗೇ ಮೇಷ್ಟ್ರು ಕೇಳಿದರು: ‘ಹಾಗಾದ್ರೆ ಸಾರ್, ಇದರ ಹಿಂದೆ ಲೈನಿನಲ್ಲಿ ಒಂದೇ ರೂಮಿಗೆ ಎರಡು ಕುಟುಂಬ ಇದೆ, ಸ್ಟಿಕ್ಕರ್ ಒಂದೇ. ಅದನ್ನ ಹೇಗೆ ಬರ್ಕೊಳ್ಲಿ?’

‘ಒಲೆ ಎಷ್ಟಿದೆ ನೋಡಿ’ ಅಂದೆ.